ಕೆಸರು ತೆಗೆದ ಹುಲಿ

ಗೋಸಾಬಾ ಬಜಾರಿನ ಕೊನೆಗೆ, ಐಸ್ ಡಿಪೋ ಪಕ್ಕ,
ಮಾನಸಿ ಸ್ಟುಡಿಯೋ. ನಾನೇ ಮಾಲೀಕ, ನಾನೇ ಆಳು.
ಪಾಸ್‌ಪೋರ್ಟ್ ಅಳತೆ ಎಂಟಕ್ಕೆ ಅರವತ್ತು ರೂಪಾಯಿ,
ಸತ್ತವರನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿದರೆ ಮುನ್ನೂರು,
ಹುಲಿಗೆ, ಒಂದಕ್ಕೆ, ಐನೂರು.

ಹುಲಿ ಕೊಡುವವರು ಕೋಲ್ಕತಾದ ದೇಬಾಂಜನ್ ಡಾಕ್ಟರು.
ಚಳಿಗಾಲದ ಶನಿವಾರ ಲಾಂಚಿನಲ್ಲಿ ಬಂದು
ಮೊಳದುದ್ದ ಲೆನ್ಸಿನಲ್ಲಿ ಹೊಳೆಯ ದಡ ಹುಡುಕಿ
ಹಿಂದಿರುಗುವಾಗ ಕಾರ್ಡು ನನ್ನ ಮೇಜಿನ ಮೇಲಿಡುತ್ತಾರೆ.
ಜೊತೆಗೊಂದು ಚೀಟಿ,
ಮನುಷ್ಯರ ಎದೆ ತೆರೆದು ಹೊಲಿಯುವ ಕೈಯ ಬರಹ:

ಬಾಲಕ್ಕೆ ಜಾಗ ಸಾಲದು. ಬಲಕ್ಕೆ ನೀರು ಬೆಳೆಸು.
ಕಣ್ಣಲ್ಲಿ ಬೆಳಕಿಲ್ಲ, ಕ್ಲಬ್ಬಿನವರು ಸತ್ತ ಕಣ್ಣು ಅಂತಾರೆ,
ಒಂದು ಬಿಳಿ ಚುಕ್ಕೆ ಇಡು.
ಹೊಟ್ಟೆಯ ಕೆಸರು ತೆಗಿ.
ಹಿಂದಿನ ನೈಲಾನ್ ಬಲೆ ತೆಗಿ, ಪೂರ್ತಿ.
ಕಾಡು ಕಾಡಿನ ಹಾಗೆ ಕಾಣಲಿ.

ನಾನು ಹುಲಿ ಕಂಡವನಲ್ಲ.
ನಲವತ್ತೊಂದು ವರ್ಷ ಇದೇ ದ್ವೀಪದಲ್ಲಿದ್ದು ಕಂಡದ್ದು
ನಾನೂರು ಪಟ್ಟು ಹಿಗ್ಗಿದ ಮೀಸೆ,
ಮೀಸೆಯ ಬುಡದ ಕರಿ ಚುಕ್ಕೆ, ಎಡಗಿವಿಯ ಹರುಕು.
ಚೌಕ ಚೌಕವಾಗಿ ಬಲ್ಲೆ.

ಬಲೆ ತೆಗೆಯುವುದು ಬಲು ಬೇಸರದ ಕೆಲಸ.
ಒಂದು ಕಣ್ಣು ಮುಚ್ಚಿದರೆ ಪಕ್ಕದ ಕಣ್ಣು ತೆರೆದಿರುತ್ತದೆ.
ಪಕ್ಕದ ಎಲೆ ಕದ್ದು ತೇಪೆ ಹಾಕಬೇಕು,
ಕದ್ದದ್ದು ಕದ್ದಂತೆ ಕಾಣಬಾರದು.
ಮೂರು ರಾತ್ರಿ ಹಿಡಿಯಿತು.

ಮಂಗಳವಾರ, ಕರೆಂಟು ಬಂದ ಹೊತ್ತಿಗೆ,
ಪುಷ್ಪಬಾಲಾ ಗಾಯೆನ್ ಬಂದಳು.
ಸೆರಗಿನ ಗಂಟು ಬಿಚ್ಚಿ ಮದುವೆಯ ಪಟ ಇಟ್ಟಳು, ಹನ್ನೊಂದು ಜನ.
"ಇವನೊಬ್ಬನನ್ನು ಬಿಡಿಸಿ ಕೊಡಿ.
ಅರಣ್ಯದ ಕಚೇರಿಗೆ ಬೇಕಂತೆ, ಅರ್ಜಿಗೆ."

ಬಿಡಿಸಿದೆ. ಎದೆಯ ಎಡಕ್ಕೆ ಅವಳ ಭುಜ ಬಂದಿತ್ತು,
ಕೆಂಪು ಬನಾರಸಿ. ಅಳಿಸಲೇ?
"ಇರಲಿ. ಯಾರ ಹೆಗಲು ಅಂತ ಅವರೇನು ಕೇಳಲ್ಲ.
ಅವರು ಕೇಳುವುದು ಒಂದೇ ಮಾತು:
ಏಡಿಗೆ ಹೋದವನು ಬಲೆಯ ಆಚೆಗಿದ್ದನೋ ಈಚೆಗೋ.
ಆಚೆ ಅಂದರೆ ದುಡ್ಡಿಲ್ಲ."

ಪ್ರಿಂಟರು ಕೆಮ್ಮುತ್ತಿತ್ತು. ಅವಳು ಪರದೆ ನೋಡಿದಳು.
ಹೆಸರೆತ್ತಲಿಲ್ಲ; ನಮ್ಮ ಕಡೆ ಅದರ ಹೆಸರು ಯಾರೂ ಎತ್ತುವುದಿಲ್ಲ,
ನಾನೊಬ್ಬ ಎತ್ತುತ್ತೇನೆ, ರಸೀದಿ ಬರೆಯಬೇಕಲ್ಲ.
ಬಹಳ ಹೊತ್ತು ನೋಡಿ,
"ಇದಕ್ಕೆ ಭಾರವಿಲ್ಲ," ಅಂದಳು.

"ಏನು?"

"ಕಾಲು ನೋಡಿ. ಇಳಿತದ ಕೆಸರಿಗೆ ನಾನು ಇಳಿದರೇ ಮೊಣಕಾಲು.
ಇದು ಚಾಪೆ ಮೇಲೆ ನಿಂತ ಹಾಗಿದೆ.
ಯಾರು ತೊಳೆದರು?"

ತೊಳೆದವನು ಹಿಂದಕ್ಕೆ ನಡೆದೆ,
ಗುಂಡಿ ಒತ್ತುತ್ತ, ಮಾಡಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚುತ್ತ.
ಕಣ್ಣಿನ ಚುಕ್ಕೆ ಆರಿತು.
ಹೊಟ್ಟೆಗೆ ಕೆಸರು ಮೆತ್ತಿತು, ಕಾಲು ಹೂತಿತು,
ಮೈ ಮುಂದಕ್ಕೆ ತುಸು ವಾಲಿ ತೂಕ ಹುಡುಕಿತು.
ಆಮೇಲೆ ಎಲೆಗಳ ನಡುವೆ ಬಲೆ, ಕಣ್ಣು ಕಣ್ಣಾಗಿ.

ಗಾಜಿನ ಮೇಲೆ ಬೆರಳಿಟ್ಟಳು.
"ಬಲೆ ಇದರ ಹಿಂದಿದೆ."

ಮೂರು ರಾತ್ರಿ ಅಳಿಸಿದವನಿಗೆ ಹೊಳೆದಿರಲಿಲ್ಲ.
ಬಲೆ ಹಿಂದಿದ್ದರೆ
ಹುಲಿ ಈಚೆಗಿದೆ.

"ಇದನ್ನೂ ಒಂದು ತೆಗೆದುಕೊಡಿ. ಹೀಗೇ, ಕೊಳಕಾಗಿ.
ಮೂಲೆಯಲ್ಲಿ ತಾರೀಖು ಬರಲಿ."
ಹದಿನೈದು ರೂಪಾಯಿ ಎಣಿಸಿದಳು. ತೆಗೆದುಕೊಂಡೆ.
ಬೇಡ ಅಂದಿದ್ದರೆ ಪಟ ಮುಟ್ಟುತ್ತಿರಲಿಲ್ಲ ಅವಳು.
ಕಚೇರಿಯಲ್ಲಿ ಏನಾಯಿತೋ, ಇನ್ನೂ ಆ ಕಡೆ ಬಂದಿಲ್ಲ.

ಡಾಕ್ಟರಿಗೆ ತೊಳೆದ ಹುಲಿಯನ್ನೇ ಕಳಿಸಿದೆ.
ಐನೂರು ಐನೂರೇ.
ಸಂಜೆ ಉತ್ತರ ಬಂತು: ಸೊಗಸಾಗಿದೆ.
ಆದರೆ ಹಿಂಗಾಲಿನ ಬಳಿ ದಾರದ ತುಣುಕೊಂದು ಉಳಿದಿದೆ,
ನೀಲಿ. ನೀನು ಗಮನಿಸಲಿಲ್ಲ.

ಗಮನಿಸಿದ್ದೆ.